ಮೇಷ್ಟರಿಗೆ ಒಂದು ಹೊರೆ ಹುಲ್ಲು

“ಹಾಸೋಕೆ ಹುಲ್ಲು ಯಾರು ತರ್ತೀರಾ?”

ಚಟ್ಟದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ ಮಾರಪ್ಪ ತಲೆ ಎತ್ತದೆ, ಇಂಥವರಿಗೆ ಅಂತಿಲ್ಲದೆ ಕೇಳಿದ. ತೀರಿಕೊಂಡ ಕೃಷ್ಣಯ್ಯ ಮೇಷ್ಟರ ಅಂಗಳದಲ್ಲಿ ಊರಿಗೆ ಊರೇ ನೆರೆದಿತ್ತು. ಹೋದ ಬೇಸಿಗೆಯಲ್ಲಿ ಮೇಷ್ಟರು ಮನೆಮನೆಯ ಬಾಗಿಲಲ್ಲಿ ನಿಂತು ಕೇಳಿದ್ದೂ ಹುಲ್ಲನ್ನೇ.

ಊರ ಹಿರಿಯ ಧರ್ಮಪ್ಪ ಎಲೆಯಡಿಕೆ ಉಗಿಯುವ ನೆವದಲ್ಲಿ ಬೇಲಿಯ ಕಡೆ ತಿರುಗಿದ.

“ನೀನೇ ಹೋಗಣ್ಣಾ,” ಎಂದಳು ಅವನ ತಂಗಿ ಮೂಕಮ್ಮ. “ನಿನ್ನ ಕೊಟ್ಟಿಗೆ ಮ್ಯಾಲೆ ಬೇಕಾದಷ್ಟೈತೆ. ಹೋದ ಮಳೇಲಿ ದನ ಒಂಚೂರೂ ನೆನೀಲಿಲ್ಲ, ಪುಣ್ಯ!”

“ಸಾವಿನ ಮನೇಲಿ ಸುಮ್ನಿರೇ.”

“ಆವಾಗೂ ಸುಮ್ನೇ ಇದ್ದೆ ಕಣಣ್ಣಾ. ಎಲ್ರೂ ಸುಮ್ನಿದ್ವಿ.”

* * *

ಮಳೆಗಾಲಕ್ಕೆ ಮೊದಲು ಮನೆಗೊಂದು ಹೊರೆ ಹುಲ್ಲು ತಂದು ಶಾಲೆಯ ಮಾಡು ಹೊದಿಸುವುದು ಊರಿನ ಪದ್ಧತಿ. ಆ ವರ್ಷ ಅಣೆಕಟ್ಟಿನ ನೀರು ಊರನ್ನೇ ನುಂಗುತ್ತದೆಂಬ ಸುದ್ದಿ ಹಬ್ಬಿತ್ತು. ಮೇಷ್ಟರು ಬಂದು ಕೇಳಿದಾಗ ಧರ್ಮಪ್ಪ ಜಗುಲಿಯಿಂದ ಏಳಲೂ ಇಲ್ಲ. “ಮುಳುಗೋ ಊರಿಗೆ ಯಾತರ ಮಾಡು ಮೇಷ್ಟ್ರೇ? ಮೀನಿಗೆ ಪಾಠ ಹೇಳ್ತೀರಾ?”

ಕೂತವರೆಲ್ಲ ನಕ್ಕರು. ಮೇಷ್ಟರೂ ನಕ್ಕರು. “ಮಕ್ಕಳು ಬೇರೆ ಊರಿಗೆ ಹೋಗ್ತಾವಲ್ಲ ಧರ್ಮಪ್ಪ. ಅಲ್ಲಿ ಜಮೀನಿಗೆ ಅರ್ಜಿ ಬರೆಯೋರು ಯಾರು? ನೀನಾ?”

ಧರ್ಮಪ್ಪನಿಗೆ ಹೆಬ್ಬೆಟ್ಟೇ ಗತಿಯೆಂದು ಎಲ್ಲರಿಗೂ ಗೊತ್ತು. ನಗೆ ಅವನ ಕಡೆಗೆ ತಿರುಗಿತು. ಆ ಸಿಟ್ಟಿಗೆ ಅವನು ಹುಲ್ಲು ಕೊಡಲಿಲ್ಲ. ಊರ ಹಿರಿಯನೇ ಕೊಡದ ಮೇಲೆ ಊರೂ ಕೊಡಲಿಲ್ಲ. ಆದರೆ ಅದೇ ಮುಳುಗುವ ಊರಿನಲ್ಲಿ ತಂತಮ್ಮ ಮನೆಗೆ, ಕೊಟ್ಟಿಗೆಗೆ ಎಲ್ಲರೂ ಹೊಸ ಹುಲ್ಲು ಹೊದಿಸಿಕೊಂಡರು.

ಅಣೆಕಟ್ಟಿನ ನೀರು ಆ ವರ್ಷ ಬರಲಿಲ್ಲ. ಮಳೆ ಬಂತು. ಸೋರದ ಮೂಲೆಯಲ್ಲಿ ಮಕ್ಕಳನ್ನು ಒತ್ತಿ ಕೂರಿಸಿ, ಮೇಷ್ಟರು ತಾವು ಸೋರುವಲ್ಲಿ ನಿಂತು ಅರ್ಜಿ ಬರೆಯುವುದನ್ನು ಕಲಿಸಿದರು. ಅಲ್ಲಿ ಕಲಿತ ಧರ್ಮಪ್ಪನ ಮಗಳು ಕನ್ನಮ್ಮ ಅಪ್ಪನ ಹೆಸರಲ್ಲಿ ಅರ್ಜಿ ಬರೆದು ಓದಿದ್ದನ್ನು ಅವನು ಮತ್ತೆ ಮತ್ತೆ ಓದಿಸಿ ಕೇಳಿದ; ಅದನ್ನೇ ಹಿಡಿದು ಸಾಗರದ ಕಚೇರಿಗೂ ಹೋಗಿ ಬಂದ. ದಾರಿಯಲ್ಲಿ ಶಾಲೆಯೊಳಗಿಂದ ಮೇಷ್ಟರ ಕೆಮ್ಮು ಕೇಳಿಸಿತ್ತು. ಧರ್ಮಪ್ಪ ನಿಲ್ಲಲಿಲ್ಲ. ಆ ಕೆಮ್ಮು ಮಳೆ ಹೋದ ಮೇಲೂ ಮೇಷ್ಟರನ್ನು ಬಿಡಲಿಲ್ಲ.

* * *

ಕೊಟ್ಟಿಗೆಯ ಮಾಡು ಕಿತ್ತು ತಂದ ಹೊರೆಯನ್ನು ಧರ್ಮಪ್ಪ ಚಟ್ಟದ ಪಕ್ಕ ಇಳಿಸಿದ. ಕೊಟ್ಟಿಗೆಯ ಹುಲ್ಲು ಹಾಸಬಹುದೇ ಎಂದು ಮಾರಪ್ಪ ಮನೆಯವರ ಮುಖ ನೋಡಿದ.

“ಹಾಸಿ, ಹೊತ್ತಾಯ್ತು,” ಎಂದ ತೀರ್ಥಹಳ್ಳಿಯಿಂದ ಬಂದಿದ್ದ ಮೇಷ್ಟರ ಭಾವಮೈದ ಹರಿಹರ. “ಹುಲ್ಲಿಗೆ ಎಂಥ ಮಡಿ?”

ಮಾರಪ್ಪ ಒಂದು ಹಿಡಿ ತೆಗೆದು ಹರಡಿದ. ಮೇಷ್ಟರ ಹೆಂಡತಿ ವಿಶಾಲಾಕ್ಷಮ್ಮ ಹೊಸ್ತಿಲಿಳಿದು ಬಂದರು. ಚಟ್ಟದ ಮುಂದೆ ಕೂತು, ಬಿದಿರಿನ ಮೇಲಿನ ಹುಲ್ಲನ್ನು ಒಂದೊಂದೇ ಎಳೆಯಾಗಿ ಆರಿಸಿ ತೆಗೆಯತೊಡಗಿದರು.

“ಅಮ್ಮಾ,” ಧರ್ಮಪ್ಪ ಅವರೆದುರು ಬಗ್ಗಿದ. “ನಂದು ತಪ್ಪಾತು. ಇದೊಂದು ಹಾಸಾಕೆ ಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ.”

ಅವರು ಕೊನೆಯ ಎಳೆಯನ್ನೂ ತೆಗೆದು ಅವನ ಹೊರೆಯ ಮೇಲಿಟ್ಟರು. ಬಿದಿರು ಬರಿದಾಯಿತು.

“ಬೇಡ ಧರ್ಮಪ್ಪ. ಇದರ ಒಂದು ಎಳೆನೂ ಇವರ ಬೆನ್ನಿಗೆ ತಾಗೋದು ಬೇಡ.”