ಅಮಾಸಿ ದಿನ ನಿಂತ ಸಿನಿಮಾ

೧
ಎಲ್ಲಿಂದ ಸುರು ಮಾಡ್ಲಿ ಹೇಳ್ರಿ? ವಿಮರ್ಶೆಯಿಂದ ಸುರು ಮಾಡಿದ್ರ ಪಾಪ, ಸಿನಿಮಾ ಮಾಡಿದ ನಮ್ಮೂರ ಶಿವಯೋಗೆಪ್ಪ ಮೊದಲನೇ ಸಾಲಿನ್ಯಾಗ ಸೋಲತಾನ. ‘ಬನಹಟ್ಟಿಯ ಜನರೇ ಈ ಕೌಟುಂಬಿಕ ಚಿತ್ರವನ್ನು ಅರ್ಧಕ್ಕೆ ನಿಲ್ಲಿಸಿದರು’ ಅಂತ ಮುಂಬೈ ಪೇಪರಿನವ ಬರದಿದ್ದ. ಮುಂದ ದೊಡ್ಡ ಡೈರೆಕ್ಟರ್ ಆದವನ ಮೊದಲನೇ ಸಿನಿಮಾ ಬಗ್ಗೆ ಉಳಿದದ್ದು ಅದೊಂದ ಸಾಲು. ಖರೆ ಐತಿ, ಪೂರಾ ಖರೆ ಅಲ್ಲ.

(ಆ ಡ್ರಾಫ್ಟ್ ಹರದ ಒಗದೆ.)

೨
ಐವತ್ಮೂರನೇ ಇಸವಿ. ನಾವಿನ್ನೂ ಮುಂಬೈ ರಾಜ್ಯದಾಗ. ಅಮಾಸಿಗೆ ನೇಕಾರರು ಮಗ್ಗಾ ಮುಟ್ಟೂದಿಲ್ಲ, ಮಂದಿ ತುಂಬತಾರಂತ ತಂಬೂ ಟಾಕೀಜಿನ ಮಾಲಕ ಅವತ್ತ ಆಟ ಇಟ್ಟಿದ್ದ. ಸಿನಿಮಾದ ಕಥಿ ಇಷ್ಟ: ಅಪ್ಪ ಸತ್ತ, ಅಣ್ಣತಮ್ಮರು ಮನಿ ಪಾಲು ಮಾಡಕೊಂಡ್ರು. ಖರೇನೂ ಹಂಗ ಆಗಿತ್ತು. ಶಿವಯೋಗೆಪ್ಪ ತನ್ನ ಪಾಲಿಗೆ ಅಪ್ಪನ ಮಗ್ಗಾ ಇಸಕೊಂಡು, ಯಾಕಂತ ಹೇಳದ, ಬಿಚ್ಚಿ ಸಿನಿಮಾ ಸ್ಟುಡಿಯೋ ಇದ್ದ ಕೊಲ್ಲಾಪುರಕ್ಕ ಒಯ್ದಿದ್ದ. ಅವತ್ತಿಂದ ಅಣ್ಣ ಮುರಗೆಪ್ಪ ಮಾತು ಬಿಟ್ಟಿದ್ದ. ಪೇಪರಿನವರು ಏನರ ಬರೀಲಿ, ಅಣ್ಣ ಒಮ್ಮೆ ನೋಡ್ಲಿ ಅಂತನ ಸಿನಿಮಾ ಊರಿಗೆ ತಂದಿದ್ದು.

ಅಣ್ಣ ಬಂದ. (ಬರಲಿಲ್ಲಂತ ಬರದಿದ್ದೆ. ನಿನಗ್ಯಾರ ಹೇಳಿದ್ರು ಅಂತ ಮುರಗೆಪ್ಪನೇ ನನ್ನ ಜೋಡಿ ಜಗಳಕ್ಕ ನಿಂತ.)

೪ (ಮೂರನೇದು ಛಲೋ ಇರಲಿಲ್ಲ)
ಪರದೆ ಮ್ಯಾಲ ಮಗ್ಗಾ ನಡ್ಯಾಕ ಸುರು ಆತು. ತಂಬೂ ತುಂಬ ಅದರ ಸಪ್ಪಳ. ಮುರಗೆಪ್ಪ ಎದ್ದ ನಿಂತ.

“ನಿಲ್ಲಸ್ರಿ. ಅದು ನಮ್ಮಪ್ಪನ ಮಗ್ಗಾ. ಅಮಾಸಿ ದಿನ ಎಂದೂ ನಡದಿಲ್ಲ.”

ಆಪರೇಟರನೂ ನೇಕಾರರ ಮನಿಯವ. ತಪ್ಪಾತು ಅಂದು ಮಷಿನ್ ಬಂದ್ ಮಾಡಿದ. ನಾಳೆ ನೋಡೂಣಂತ ಮಂದಿ ಎದ್ದು ಹೋದ್ರು. ವಿಮರ್ಶಕ ಮಾತ್ರ ಕಡೀ ಬಸ್ ಹಿಡದ. ಅವನ್ನ ಯಾಕ ಬೈಯೋದು ಬಿಡ್ರಿ, ಅವನ ಊರಿನ ಗಿರಣಿ ಅಮಾಸಿಗೆ ನಿಲ್ಲತಿರಲಿಲ್ಲ.

೫
ಶಿವಯೋಗೆಪ್ಪ ಖಾಲಿ ತಂಬೂದಾಗ ಕುಂತ. ಎದಿ ಒಡದಿತ್ತು. ಇಲ್ಲಿ ಇಬ್ಬರನ್ನೂ ಅಪ್ಪಿಸಿ ಅಳಸೂ ಕ್ಲೈಮ್ಯಾಕ್ಸ್ ನನ್ನ ಕಡೆ ರೆಡಿ ಇತ್ತು. ನಾವು ಹಂಗೆಲ್ಲಾ ಮಾಡೂ ಮಂದಿ ಅಲ್ಲಂತ ಮುರಗೆಪ್ಪ ಸಾಫ್ ಹೇಳಿದ. ಹಂಗಾದ್ರ ಈ ತಮ್ಮ ಸಿನಿಮಾ ರೀಲಿಗೆ ಬೆಂಕಿ ಹಚ್ಚಲಿ ಅಂದೆ. ಶಿವಯೋಗೆಪ್ಪ ನನ್ನ ನೋಡಿದ ರೀತಿಗೆ ಪೆನ್ನು ಮುಚ್ಚಿಟ್ಟೆ.

ಮುರಗೆಪ್ಪ ತಾನ ತಮ್ಮನ ಹಂತ್ಯಾಕ ಬಂದ.

“ಅಪ್ಪನ ಮಗ್ಗಾ ಮಾರಿ ತಿಂದಿ ಅಂತ ತಿಳದಿದ್ನೆಲೇ,” ಅಂದ. “ನಾಳೆ ಪೂರಾ ನೋಡತೇನಿ. ಈಗ ಉಣ್ಣಾಕ ನಡಿ, ನಿಮ್ಮ ವೈನಿ ಕಾಯಾಕತ್ತಾಳ.”

ಮರುದಿನ ಸಿನಿಮಾ ಮೆಚ್ಚಿದ್ನೋ, ಬೈದ್ನೋ? ಕೇಳಬ್ಯಾಡ್ರಿ, ನಾ ಬರ್ಯಂಗಿಲ್ಲ. ಇಬ್ಬರೂ ಈಗ ಜೋಡಿ ಕುಂತಾರ, ಮುರಗೆಪ್ಪನ ಹೇಣ್ತಿ ಎರಡನೇ ಹೋಳಗಿ ನೀಡಾಕತ್ತಾಳ. ಉಣ್ಣೂ ಹೊತ್ತಿನ್ಯಾಗ ನಡುವ ಹೋಗಿ ಕಥಿ ಮುಗೀತು ಅನ್ನಾಕ ನನಗ ಬಾಯಿ ಬರವಲ್ದು.