ತಾನೇ ಹೊರಟ ಬೈಕು

ಶನಿವಾರ ಬಂತೆಂದರೆ ಹೊಳೆನರಸೀಪುರದ ನಮ್ಮ ಆಂಜನೇಯನ ಗುಡಿಯ ಮುಂದೆ ಗಾಡಿಗಳು ಸಾಲಾಗಿ ನಿಲ್ಲುತ್ತವೆ. ಹೊಸದು, ಹಳೆಯದು, ಬಿದ್ದು ರಿಪೇರಿಯಾಗಿ ಬಂದದ್ದು, ಎಲ್ಲಕ್ಕೂ ಪೂಜೆ ಮಾಡುವವನು ನಾನೇ. ಹೆಡ್‌ಲೈಟಿಗೆ ಗಂಧ, ಚಕ್ರದಡಿಗೆ ನಿಂಬೆಹಣ್ಣು, ಕೊನೆಗೆ ಆಕ್ಸಿಲರೇಟರಿಗೆ ಕುಂಕುಮ ಹಚ್ಚಿ ಒಂದು ಸಲ ಪೂರ್ತಿ ತಿರುಗಿಸಿ ಬಿಡುವುದು. ಈ ತಿರುಗಿಸುವುದು ಯಾವ ಶಾಸ್ತ್ರದಲ್ಲೂ ಇಲ್ಲ, ನಮ್ಮ ತಂದೆಯವರು ಶುರು ಮಾಡಿದ್ದು. ಆಮೇಲೆ ಯಜಮಾನ ಗಾಡಿ ಚಾಲೂ ಮಾಡುತ್ತಾನೆ, ನಾನು ಮಂಗಳಾರತಿ ಎತ್ತುತ್ತೇನೆ. ನಿಂತ ಗಾಡಿಯ ಹ್ಯಾಂಡಲ್ ತಿರುಗಿಸಿದರೆ ಏನಾಗುತ್ತದೆ? ಮೂವತ್ತು ವರ್ಷ ಏನೂ ಆಗಿರಲಿಲ್ಲ.

ಎರಡು ಸಾವಿರದ ಆರನೇ ಇಸವಿ. ಬಸ್ ಸ್ಟ್ಯಾಂಡ್ ಹಿಂದೆ ಬೀರಲಿಂಗಯ್ಯ ಎಂಬುವನ ಅಂಗಡಿ ಇತ್ತು. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಕಸುಬು. ಅವನು ಒಂದು ಹಳೇ ಬೈಕಿನ ಎಂಜಿನ್ ಕಿತ್ತು ಅಲ್ಲೊಂದು ಮೋಟಾರು ಕೂರಿಸಿ, ನಾಲ್ಕು ಬ್ಯಾಟರಿ ಕಟ್ಟಿದ. ಮೊದಮೊದಲು ಸೈಕಲ್ಲಿನವರೂ ಅವನನ್ನು ಹಿಂದೆ ಹಾಕುತ್ತಿದ್ದರು.

"ಏನ್ಲಾ ಬೀರ, ಕರೆಂಟ್ ಓದ್ರೆ ತಳ್ಕಂಡ್ ಓಯ್ತೀಯಾ?" ಎಂದು ಟೀ ಅಂಗಡಿಯವರು ಕೇಳುವರು.

"ಪೆಟ್ರೋಲ್ ಮುಗ್ದಾಗ ನೀವೇನು ಅದ್ರ ಮ್ಯಾಲೆ ಕುಂತ್ಕಂಡೇ ಬತ್ತೀರಾ?" ಎಂದು ಇವನು ನಗುವನು.

ಹಿಂದಿನ ಹಲ್ಲುಚಕ್ರ ಬದಲಾಯಿಸಿದ, ಮೊಪೆಡ್‌ಗಳನ್ನು ದಾಟಿದ. ಇನ್ನೇನೋ ತಿದ್ದಿದ, ಇಬ್ಬರನ್ನು ಕೂರಿಸಿಕೊಂಡು ಹೇಮಾವತಿ ಸೇತುವೆಯ ಏರು ಹತ್ತಿದ. ಕೇಳುತ್ತಿದ್ದವರು ನಗುವುದು ಬಿಟ್ಟರು. ಚನ್ನರಾಯಪಟ್ಟಣದ ಗಂಗಾಧರಯ್ಯ ಮೇಷ್ಟ್ರು, ಹಾಸನದ ಇನ್ನಿಬ್ಬರು, ತಮ್ಮ ಬೈಕನ್ನೂ ಹೀಗೇ ಮಾಡಿಸಿಕೊಳ್ಳಲು ಒಪ್ಪಿದರು. ಆ ಕೆಲಸಕ್ಕೆ ಕೈ ಹಾಕುವ ಮೊದಲು ಸ್ವಾಮಿಗೆ ತೋರಿಸಬೇಕೆಂದು ಬೀರಲಿಂಗಯ್ಯ ಗಾಡಿ ತಂದ.

ಅಂದು ಪೂಜೆ ನಡೆಯುತ್ತಿರುವಾಗ ಅವನು ಸ್ಪಷ್ಟವಾಗಿ ಹೇಳಿದ: "ಅಯ್ನೋರೆ, ಆರತಿಗೆ ಅಂತ ಸ್ವಿಚ್ ಆಕಿವ್ನಿ. ಗಾಡಿ ಚಾಲೂ ಐತೆ. ಹ್ಯಾಂಡ್ಲು ಮಾತ್ರ ತಿರುವ್‌ಬ್ಯಾಡಿ."

ಕೇಳಿಸಿತು. ಕೇಳಿಸಲಿಲ್ಲ ಎಂದು ಹೇಳುವಂತಿಲ್ಲ. ಸದ್ದೇ ಇಲ್ಲದ್ದು ಅದೆಂಥ ಚಾಲೂ ಎಂದು ಒಳಗೇ ನಕ್ಕೆ. ಅವನು ಕಾಯಿ ಒಡೆಯಲು ಬಗ್ಗಿದ. ನಾನು ಕುಂಕುಮ ಹಚ್ಚಿ, ಪೂರ್ತಿ ತಿರುಗಿಸಿದೆ.

ಬೈಕು ನನ್ನ ಕೈಯಿಂದ ಕಿತ್ತುಕೊಂಡು ನುಗ್ಗಿತು. ಎದುರಿಗೆ ಹೂ ಮಾರುವ ದೊಡ್ಡತಾಯಮ್ಮನ ಮಣೆಗೆ ಗುದ್ದಿ ಅವಳ ಕಾಲ ಮೇಲೆ ಮಗುಚಿಕೊಂಡಿತು. ಕಣಕಾಲಿನ ಮೂಳೆ ಮುರಿದಿತ್ತು. ಜನ ಕೂಡಿದರು. ಏನಾಯ್ತು ಅಯ್ನೋರೆ, ಏನಾಯ್ತು ಎಂದರು. ಅಂಗೈಯನ್ನು ಪಂಚೆಗೆ ಒರೆಸಿಕೊಂಡು ನಾನು ಅಂದೆ:

"ನಾನು ಮುಟ್ಟಲೇ ಇಲ್ಲ. ತಾನೇ ಹೊರಟಿತು."

ಸ್ವಾಮಿಯ ಬಾಗಿಲು ತೆರೆದೇ ಇತ್ತು.

ಬೀರಲಿಂಗಯ್ಯ ನನ್ನನ್ನು ಒಂದು ಮಾತೂ ಕೇಳಲಿಲ್ಲ. "ಅಯ್ನೋರು ಮುಟ್ಲಿಲ್ಲ ಅಂದ್ಮ್ಯಾಲೆ ನನ್ ವೈರಿಂಗ್‌ನಾಗೇ ಏನೋ ಐತೆ" ಎಂದು ತಲೆ ಚಚ್ಚಿಕೊಂಡು, ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದ. ಊರಿನವರು ಅದನ್ನು ದೆವ್ವದ ಬೈಕು ಎಂದರು. ಒಪ್ಪಿದ್ದ ಮೂವರೂ ಬೇಡವೆಂದರು. ಸುಟ್ಟ ಮೋಟಾರು ತರುವವರೂ ಕಡಿಮೆಯಾದರು. ದೀಪಾವಳಿಗೆ ಮುಂಚೆ ಅಂಗಡಿ ಎತ್ತಿ ತನ್ನ ಊರು ಕೊಣನೂರಿಗೆ ಹೊರಟುಹೋದ.

ನಾನು ಗುಡಿಯ ಮರ್ಯಾದೆ ಉಳಿಯಿತು ಎಂದು ಹೇಳಿಕೊಂಡೆ. ಉಳಿದದ್ದು ನನ್ನದು ಎಂದು ಗೊತ್ತಿತ್ತು.

ಮೂರು ತಿಂಗಳಿಗೆ ದೊಡ್ಡತಾಯಮ್ಮ ಕುಂಟುತ್ತಾ ಬಂದು ಮತ್ತೆ ಮಣೆ ಹಾಕಿದಳು. ಒಂದು ಮಧ್ಯಾಹ್ನ ತುಳಸಿ ಕಟ್ಟುತ್ತಾ, ತಲೆ ಎತ್ತದೆ ಕೇಳಿದಳು: "ಈಗೀಗ ಹ್ಯಾಂಡ್ಲು ತಿರುವಾಕಿಲ್ಲ ಅಲ್ವಾ ನೀವು?"

ನಾನು ಹಾರಕ್ಕೆ ತಟ್ಟೆ ಚಾಚಿದೆ.

"ಎದುರ್ಗೇ ಕುಂತಿದ್ನಲ್ಲ ಸಾಮಿ, ಕಂಡೆ. ಯಾರ್ಗೂ ಏಳಿಲ್ಲ, ಏಳಾಕೂ ಇಲ್ಲ ಬುಡಿ. ಅಯ್ನೋರು ಅಂಗಂದವ್ರೆ ಅಂದ್ರೆ ಅದ್ಕೆ ಏನೋ ಕಾರಣ ಇರ್ತದೆ ಅಂದ್ಕಂಡೆ." ಎಂದಿನಂತೆ ಹಾರವನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟಳು.

ಆ ಸಂಜೆ ಸ್ವಾಮಿಯ ಮುಖ ನೋಡಲಾಗದೆ, ಪಾದ ನೋಡಿಕೊಂಡು ಆರತಿ ಎತ್ತಿದೆ.

ಮಾರನೇ ದಿನ ಅರಕಲಗೂಡಿನ ಮೇಲೆ ಕೊಣನೂರಿನ ಬಸ್ ಹಿಡಿದೆ. ಬೀರಲಿಂಗಯ್ಯ ಸಂತೆ ಮೈದಾನದ ಹಿಂದೆ ಒಂದು ತಗಡಿನ ಮರೆಯಲ್ಲಿ ಕೂತಿದ್ದ. ಗೋಣಿಚೀಲದ ಮೇಲೆ ಅದೇ ಬೈಕು ಬಿಡಿಬಿಡಿಯಾಗಿ ಬಿದ್ದಿತ್ತು. ನನ್ನನ್ನು ಕಂಡು ಗಾಬರಿಯಾಗಿ ಎದ್ದು, ಟವೆಲ್ಲಿನಿಂದ ಸ್ಟೂಲು ಒರೆಸಿದ.

"ಐದನೇ ಸಲ ಬಿಚ್ಚಿವ್ನಿ ಅಯ್ನೋರೆ. ಆ ಫಾಲ್ಟ್ ಸಿಗ್ತಾನೇ ಇಲ್ಲ." ಹೇಳುತ್ತಾ ಹೇಳುತ್ತಾ ಅವನ ಮುಖ ಅರಳಿತು. "ಅದ್ನ ಉಡುಕ್ತಾ ಉಡುಕ್ತಾ ಗಾಡಿನೇ ಬ್ಯಾರೆ ಆಯ್ತು ನೋಡಿ. ಸಣ್ಣ ತಂತಿ ಕಿತ್ತು ದಪ್ಪದ್ದು ಆಕ್ದೆ, ಬಿಸಿಯಾಗೋದು ನಿಂತೋಯ್ತು. ಮೋಟಾರ್‌ಗೆ ಒಸ ಸುತ್ತು ಸುತ್ತಿದೆ. ಬ್ಯಾಟ್ರಿ ಐದಾದೋ. ರಾಮನಾಥಪುರಕ್ಕೆ ಓಗಿ ಬಂದೆ, ಐವತ್ತೈದು ಮುಟ್ತು ಮುಳ್ಳು! ಮಗಳು ಲತಾ ಕಾಲೇಜ್‌ಗೆ ತಕಂಡೋಯ್ತೀನಿ ಅಂತಾಳೆ. ಬ್ಯಾಡ ಕಣವ್ವ, ಅದು ಇನ್ನೂ ಒಳ್ಗೇ ಅವಿತ್ಕಂಡೈತೆ ಅಂದೆ. ಈ ಸಲನೂ ಸಿಗ್ನಿಲ್ಲ ಅಂದ್ರೆ ಗುಜರಿಗೆ ಆಕ್ಬುಡ್ತೀನಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತ. "ನೀವು ಬಂದದ್ದು ಒಳ್ಳೇದಾಯ್ತು. ಒಸಿ ಗ್ಯಾಪಕ ಮಾಡ್ಕಂಡ್ ಏಳಿ. ಅವತ್ತು ಮೆಲ್ಲಗೆ ಒಂಟಿತೋ, ಒಂದೇ ಸಲಕ್ಕೆ ನುಗ್ತೋ? ಅದು ಗೊತ್ತಾದ್ರೆ ಅರ್ಧ ಕೆಲ್ಸ ಆದಂಗೆ."

"ಒಂದೇ ಸಲಕ್ಕೆ," ಅಂದೆ. "ನಾನು ಪೂರ್ತಿ ತಿರುಗಿಸಿದೆ."

ಸಂತೆಯ ಕಡೆಯಿಂದ ಯಾರೋ ಕುರಿಗೆ ಬೆಲೆ ಕೂಗುತ್ತಿದ್ದರು.

"ಪೂರ್ತಿನಾ?"

"ಪೂರ್ತಿ. ನೀನು ಬೇಡ ಅಂದಿದ್ದೆ. ಕೇಳಿಸಿತ್ತು."

ಅವನ ಮುಖದಲ್ಲಿ ಮೊದಲು ಕಂಡದ್ದು ಸಂತೋಷ. ಮೋಟಾರಿನ ಕಡೆ ತಿರುಗಿ ಅದರ ಮೈ ಸವರಿದ. "ಅಂಗಾರೆ ಮೊದ್ಲಿಂದ್ಲೂ ಸರ್ಯಾಗೇ ಇತ್ತು" ಎಂದ, ನನಗಲ್ಲ, ಅದಕ್ಕೆ. ಆಮೇಲೆ ನನ್ನತ್ತ ನೋಡಿದ. ಆ ಸಂತೋಷ ಮೆಲ್ಲಗೆ ಇಳಿದುಹೋಯಿತು.

"ಐದು ಸಲ ಬಿಚ್ಚಿದ್ನಲ್ಲ ಅಯ್ನೋರೆ."

ಬೈದಿದ್ದರೆ ನಿಲ್ಲಬಹುದಿತ್ತು. ನಾನು ಅವನ ಕಾಲಿಗೆ ಬಗ್ಗಿದೆ. ಬೆಂಕಿ ಸೋಕಿದವನಂತೆ ಹಿಂದಕ್ಕೆ ಹಾರಿದ. "ಅದೊಂದ್ ಮಾಡ್ಬ್ಯಾಡಿ! ಆ ಪಾಪನೂ ನನ್ ತಲೆ ಮ್ಯಾಲೇ ಆಕ್ತೀರಾ?" ಎಂದ. ಪಶ್ಚಾತ್ತಾಪದ ಭಾರವನ್ನೂ ಅವನ ಮೇಲೇ ಹೊರಿಸಲು ಹೋಗಿದ್ದೆ. ಒಂದು ನಟ್ಟು ಎತ್ತಿ ಮೋಟಾರಿಗೆ ಸಿಕ್ಕಿಸುತ್ತಾ ಅವನೇ ಅಂದ: "ಸುಳ್ಳು ಎಲ್ಲಿ ಏಳಿದ್ರೋ, ನಿಜಾನೂ ಅಲ್ಲೇ ಏಳಿ. ಅಷ್ಟೇ."

ಶನಿವಾರ ಗಾಡಿಗಳ ಮುಂದೆ, ಮೆಟ್ಟಿಲ ಮೇಲೆ ನಿಂತು ಹೇಳಿದೆ. ಕೆಲವರು ನಕ್ಕರು. ಹಳೇ ಕತೆ ಈಗ್ಯಾಕೆ ಎಂದರು. ಒಬ್ಬ ಗಡಿಯಾರ ನೋಡಿ, "ಬುಡಿ ಅಯ್ನೋರೆ, ಒತ್ತಾಯ್ತದೆ, ಪೂಜೆ ಮಾಡಿ" ಎಂದ. ನನ್ನ ಸುಳ್ಳು ಚನ್ನರಾಯಪಟ್ಟಣದವರೆಗೆ ತಾನಾಗಿಯೇ ಹೋಗಿತ್ತು. ಈ ನಿಜ ಗುಡಿಯ ಮೆಟ್ಟಿಲೂ ಇಳಿಯಲಿಲ್ಲ.

ಹಾಗಾಗಿ ಅದನ್ನು ನಾನೇ ಹೊತ್ತುಕೊಂಡು, ಅಂದು ಒಪ್ಪಿದ್ದ ಆ ಮೂವರ ಮನೆಗೆ ಹೋದೆ. ಹಾಸನದ ಒಬ್ಬರು ಮಾತು ಮುಗಿಯುವ ಮೊದಲೇ ಒಳಗೆ ಹೋದರು. ಇನ್ನೊಬ್ಬರು ಆಗಲೇ ಹೊಸ ಬೈಕು ಕೊಂಡಿದ್ದರು. ಗಂಗಾಧರಯ್ಯ ಮೇಷ್ಟ್ರು ಜಗಲಿಯ ಮೇಲೆ ಕೂತು, ಕನ್ನಡಕ ತೆಗೆದು, ಕೊನೆಯವರೆಗೂ ಕೇಳಿದರು.

"ಅಲ್ಲಾ ಸ್ವಾಮಿ, ನಿಮ್ಮ ಮಾತು ನಂಬಿ ಬೇಡ ಅಂದೆ. ಈಗ ನಿಮ್ಮ ಮಾತು ನಂಬಿ ಹೂಂ ಅನ್ನಬೇಕಾ?"

"ನನ್ನ ಮಾತು ಬೇಡ ಮೇಷ್ಟ್ರೇ. ಕೊಣನೂರಿಗೆ ಹೋಗಿ ಹತ್ತಿ ನೋಡಿ."

ಅವರು ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. ಕೊಣನೂರಿಗೆ ಬಸ್ ಎಷ್ಟು ಹೊತ್ತಿಗೆ ಎಂದರು. ಆಮೇಲೆ ಛತ್ರಿ ತರಲು ಒಳಗೆ ಹೋದರು. ಬನ್ನಿ, ಕೂತ್ಕೊಳ್ಳಿ ಎನ್ನಲಿಲ್ಲ. ಅವರು ಬಂದು ಚಪ್ಪಲಿ ಮೆಟ್ಟುವವರೆಗೆ ನಾನು ತಲೆ ತಗ್ಗಿಸಿ ಬಿಸಿಲಲ್ಲೇ ನಿಂತಿದ್ದೆ.