ಎಲೆ ಮೇಲಿನ ಜೇನು

ಮಾವು ಹೂ ಬಿಡುವ ಕಾಲ ಬಂತೆಂದರೆ ಶ್ವೇತಳಿಗೆ ಗಂಡನ ಮನೆಯ ತೋಟದ ಕಡೆ ಹೋಗಲು ಮನಸ್ಸೇ ಬರುತ್ತಿರಲಿಲ್ಲ. ಚಿನಕುರಳಿಯ ಆ ತೋಟಕ್ಕೆ ಕಾಲಿಟ್ಟರೆ ಸಾಕು, ತಲೆ, ಸೆರಗು, ಚಪ್ಪಲಿ ಎಲ್ಲ ಅಂಟಂಟು. ಎಲೆಗಳ ಮೇಲೆ ಎಣ್ಣೆ ಸವರಿದಂಥ ಹೊಳಪು, ಅಲ್ಲಲ್ಲಿ ಒಲೆಯ ಮಸಿಯಂಥ ಕಪ್ಪು. ಮಾವ ಚಿಕ್ಕಸ್ವಾಮಿ ಅದನ್ನು ಜೇನು ಅನ್ನುತ್ತಿದ್ದರು. ಹೂವಿನಿಂದ ತೊಟ್ಟಿಕ್ಕುವ ಜೇನಂತೆ! ದಿನಾ ಬೆಳಿಗ್ಗೆ ಒಂದೆಲೆ ಕಿತ್ತು, ಕಣ್ಣು ಮುಚ್ಚಿಕೊಂಡು ನೆಕ್ಕುತ್ತಿದ್ದರು.

ತೊಂಬತ್ತೈದರಲ್ಲಿ ಅವಳು ಮಾಕವಳ್ಳಿಯಿಂದ ಮದುವೆಯಾಗಿ ಬಂದಾಗ, ನೆಂಟರ ಮುಂದೆ ಅವಳ ಬಾಯಿಗೂ ಎಲೆ ಹಿಡಿದರು. "ನೆಕ್ಕವ್ವ, ಜೇನು ಇಳೀತಾ ಅದೆ. ಈ ಸಲ ಫಸಲು ಜೋರು." ಹೊಸ ಸೊಸೆ, ಒಲ್ಲೆ ಅನ್ನುವುದು ಹೇಗೆ? ನೆಕ್ಕಿದಳು.

ಫಸಲು ಮಣ್ಣು ಮುಕ್ಕಿತು. ಹೂವೆಲ್ಲ ಒಣಗಿ ಉದುರಿತು. ಮರುವರ್ಷವೂ ಅಷ್ಟೇ. ಅತ್ತೆ ಜಯಲಕ್ಷ್ಮಮ್ಮ ಹಾಲು ಕರೆಯುತ್ತ, ಅವಳಿಗೆ ಕೇಳಲಿ ಅಂತಲೇ ಗೊಣಗುತ್ತಿದ್ದರು: "ಇವ್ಳು ಕಾಲಿಟ್ಟ ಮ್ಯಾಕೆ ಒಂದ್ ಕಾಯಿ ನಿಲ್ನಿಲ್ಲ. ಕಾಲ್ಗುಣ!" ಮೂರನೇ ವರ್ಷವೂ ಹೂವು ಉದುರಿದರೆ ತವರಿಗೆ ಕಳಿಸಿಬಿಡುವ ಮಾತೂ ಎದ್ದಿತ್ತು. ಗಂಡ ಸಂತೋಷ್ ಬಾಯಿಗೆ ಬೀಗ ಹಾಕಿಕೊಂಡಿದ್ದ. ಅವನನ್ನು ನೋಡಿದರೂ ಅವಳಿಗೆ ಹೇಸಿಗೆಯಾಗುತ್ತಿತ್ತು.

ಮೂರನೇ ವರ್ಷ ಹೂಗೊಂಚಲು ಇನ್ನೂ ಮೊಗ್ಗಾಗಿರುವಾಗಲೇ ಅವಳು ಒಬ್ಬಳೇ ಬಸ್ಸು ಹತ್ತಿ ಪಾಂಡವಪುರಕ್ಕೆ ಹೋಗಿ, ತೋಟಗಾರಿಕೆ ಇಲಾಖೆಯವರಿಗೆ ಹೂ ಉದುರುವ ವಿಷಯ ಹೇಳಿ ಬಂದಳು.

ಎರಡು ದಿನ ಬಿಟ್ಟು ಅಲ್ಲಿಂದ ಶಿವಲಿಂಗಯ್ಯ ಅನ್ನುವವರು ಬಂದರು. ಒಂದು ಗೊಂಚಲು ಹಿಡಿದು ಅಲ್ಲಾಡಿಸಿದರು. ರಾಗಿ ಹೊಟ್ಟು ತೂರಿದ ಹಾಗೆ ಸಣ್ಣ ಹುಳಗಳು ಎದ್ದು ಎಲ್ಲರ ಮೂಗು ಬಾಯಿಗೆ ನುಗ್ಗಿದವು.

"ಜಿಗಿಹುಳ. ಹೂವಿನ ರಸ ಹೀರಾಕ್ತವೆ. ಹೂ ಅರಳೋಕೆ ಮುಂಚೆ ಔಸ್ದಿ ಹೊಡುದ್ಬುಡಿ."

"ಔಸ್ದಿ ಹೊಡುದ್ರೆ ಜೇನು ಕೆಡ್ತದಲ್ಲ ಸ್ವಾಮಿ," ಎನ್ನುತ್ತ ಚಿಕ್ಕಸ್ವಾಮಿ ಎಲೆ ಕಿತ್ತು ನಾಲಿಗೆಗೆ ತಂದರು.

"ಯಜಮಾನ್ರೆ, ಅದು ಜೇನಲ್ಲ. ಹೀರಿದ್ದನ್ನ ಹಿಂದ್ಗಡೆಯಿಂದ ಬುಡ್ತವಲ್ಲ, ಅದು. ಹುಳದ ಹೇಲು."

ಶ್ವೇತ ಬದುವಿನ ಹತ್ತಿರ ಓಡಿ ಕರುಳು ಕಿತ್ತು ಬರುವಂತೆ ಕಾರಿಕೊಂಡಳು. ಮಾವ ಟವಲಿನಿಂದ ನಾಲಿಗೆ ಉಜ್ಜುತ್ತಲೇ ಇದ್ದರು. ಮಾರನೇ ದಿನವೇ ಸಂತೋಷ್ ಪಂಪು ತಂದು ಔಷಧಿ ಹೊಡೆದ.

ಈ ಸಲ ಕೊಂಬೆ ಬಾಗುವಷ್ಟು ಕಾಯಿ ಕಚ್ಚಿತು. ನೋಡಲು ಬಂದ ಪಕ್ಕದ ಮನೆಯ ಬೆಟ್ಟಮ್ಮನಿಗೆ ಅತ್ತೆ ಹೆಮ್ಮೆಯಿಂದ ಹೇಳಿದರು: "ಎಲ್ಲಾ ನಮ್ ಸೊಸೆ ಕಾಲ್ಗುಣ ಕಣಕ್ಕ."

"ನನ್ ಕಾಲ್ಗೂ ಕಾಯ್ಗೂ ಏನತ್ತೆ ಸಂಬಂಧ?" ಎಂದಳು ಶ್ವೇತ. "ಆಗ ಬೈದದ್ದೂ ಸುಳ್ಳು, ಈಗ ಒಗಳ್ತಿರೋದೂ ಸುಳ್ಳು. ತಪ್ಪಾಯ್ತು ಅಂತ ಒಂದ್ ಮಾತು ಅಂದ್ಬುಡಿ, ಸಾಕು."

ಅತ್ತೆ ಬೆಟ್ಟಮ್ಮನ ಕಡೆ ತಿರುಗಿ ನಕ್ಕರು. "ನೋಡಕ್ಕ, ಎಂಗ್ ನಾಚ್ಕೋತಾಳೆ."

ಎರಡು ವರ್ಷ ಬೈಗುಳ ನುಂಗಿದ್ದವಳಿಗೆ ಆ ಹೊಗಳಿಕೆಯನ್ನು ನುಂಗಲಾಗಲಿಲ್ಲ.